ಒಡಪಿಗೆ ಯಾರ ಸಹಿ

2010 ಮಾರ್ಚ್ 14, ಭಾನುವಾರ

ಲೆಕ್ಕದ ಪುಸ್ತಕದ ಮೊದಲ ಹಾಳೆಯನ್ನು ಖಾಲಿ ಬಿಟ್ಟು, ವರ್ಷ ಮುಗಿದ ಮೇಲೆ ಒಟ್ಟು ಮೊತ್ತವನ್ನು ಅಲ್ಲಿ ಬರೆಯುವುದು ಗದಗದ ಬಜಾರದಲ್ಲಿ ಹಗ್ಗ, ಜಮಖಾನೆ ಮಾರುತ್ತಿದ್ದ ನಮ್ಮಪ್ಪನ ರೂಢಿ. ದಿನಚರಿಗೂ ನಾನು ಅದೇ ರೂಢಿ ಇಟ್ಟುಕೊಂಡಿದ್ದೇನೆ. ಆ ಹಾಳೆಯನ್ನು ಇಂದು ತುಂಬುತ್ತಿದ್ದೇನೆ.

ಆಫ್ರಿಕಾದ ಆ ಹಾಡುಗಾರನ ವ್ಯವಹಾರದಲ್ಲಿ ಹದಿಮೂರು ತಿಂಗಳಿಗೆ ನನ್ನ ಕಡೆಯಿಂದ ಹೋದದ್ದು: ಹದಿನಾರು ಚಾನೆಲ್ಲಿನ ಸೌಂಡ್ ಮಿಕ್ಸರ್ ಒಂದು. ಕನ್ನಡ ಕೂಟದ ಕಾರ್ಯಕ್ರಮ ಮೂರು, ಅಂದರೆ ವರ್ಷದ ವ್ಯಾಪಾರದ ಕಾಲುಭಾಗ. ಡೆಟ್ರಾಯಿಟ್‌ಗೆ ಹೋಗಿಬಂದ ಐನೂರ ಎಪ್ಪತ್ತು ಮೈಲಿ. ಕೂಟದ ಅಧ್ಯಕ್ಷರ ಸ್ನೇಹ. ಇದು ಮೊದಲೂ ಇರಲಿಲ್ಲವಾದ್ದರಿಂದ ಸೊನ್ನೆ. ಒಂದು ಹಾಡಿನೊಳಗೆ ಒಂದೂವರೆ ಸೆಕೆಂಡು ಇದ್ದ ನನ್ನ ಹೆಸರು. ಇನ್ನೂ ಒಂದಿದೆ. ಅದಕ್ಕೆ ಬೆಲೆ ಕಟ್ಟಲು ಬಾರದೆ ಜಾಗ ಬಿಟ್ಟಿದ್ದೇನೆ.

2009 ಫೆಬ್ರುವರಿ 2, ಸೋಮವಾರ

ಹೊರಗೆ ಎಂಟು ಡಿಗ್ರಿ ಫ್ಯಾರನ್‌ಹೀಟ್. ಗೋದಾಮಿನ ಹೀಟರನ್ನು ಐವತ್ತೈದಕ್ಕೆ ಇಟ್ಟಿದ್ದೇನೆ. ಅದಕ್ಕಿಂತ ಹೆಚ್ಚು ಬೇಕೆನ್ನುವವರು ಕುರ್ಚಿ ಹೊರಲಿ, ತಾನೇ ಬೆಚ್ಚಗಾಗುತ್ತದೆ.

ವುಡ್‌ರಿಡ್ಜ್‌ನಲ್ಲಿ ಮಂಟಪ, ಕುರ್ಚಿ, ಮೈಕು ಬಾಡಿಗೆಗೆ ಕೊಡುವ ಈ ಕಸುಬು ಶುರುವಾಗಿ ಹದಿನಾಲ್ಕು ವರ್ಷ. ಸುತ್ತಲಿನ ಡಾಕ್ಟರು, ಎಂಜಿನಿಯರುಗಳ ನಡುವೆ ಡಿಗ್ರಿ ಇಲ್ಲದೆ ಮನೆ ಕಟ್ಟಿದ ಕನ್ನಡಿಗ ನಾನೊಬ್ಬನೇ ಇರಬೇಕು. ಮೋಟೆಲಿನಲ್ಲಿ ಹಾಸಿಗೆ ಬದಲಿಸಿದೆ, ಗ್ಯಾಸ್ ಸ್ಟೇಷನ್ನಿನಲ್ಲಿ ನಿಂತೆ. ಬಾಯಿಯೇ ಬಂಡವಾಳ. ಈ ವರ್ಷ ಅದಕ್ಕೂ ಬಡ್ಡಿ ಹುಟ್ಟುತ್ತಿಲ್ಲ. ಐನೂರು ಜನರ ಮದುವೆ ನೂರೈವತ್ತಕ್ಕೆ ಇಳಿದಿದೆ, ನೂರೈವತ್ತರದ್ದು ಬೇಸ್‌ಮೆಂಟಿಗೆ ಇಳಿದಿದೆ. ಹೋದ ತಿಂಗಳು ಇಬ್ಬರನ್ನು ಕೆಲಸದಿಂದ ಬಿಡಿಸಿದೆ.

ಇಂದು ಇಬ್ಬರ ಜಾಗಕ್ಕೆ ಒಬ್ಬನನ್ನು ತೆಗೆದುಕೊಂಡೆ. ಹೆಸರು ಕ್ವಾಬೆನಾ, ಘಾನಾ ದೇಶದವನು, ವಯಸ್ಸು ಮೂವತ್ತಾರು. ಡೆಟ್ರಾಯಿಟ್ ಪಕ್ಕದ ವಾರನ್‌ನಲ್ಲಿ ಕಾರಿಗೆ ಬಾಗಿಲು ಜೋಡಿಸುತ್ತಿದ್ದನಂತೆ. ಡಿಸೆಂಬರಿನಲ್ಲಿ ಆ ಕೆಲಸ ಮುಚ್ಚಿತು. ಅರ್ಜಿಯಲ್ಲಿ ವೃತ್ತಿ ಎಂಬ ಕಡೆ ‘ರ‍್ಯಾಪರ್, ರೆಕಾರ್ಡ್ ಪ್ರೊಡ್ಯೂಸರ್’ ಎಂದು ಬರೆದಿದ್ದ.

“ರೆಕಾರ್ಡ್ ಎಲ್ಲಿ?” ಎಂದು ಕೇಳಿದೆ.

“ಮೂರು ಇವೆ. ಕಾರಿನ ಡಿಕ್ಕಿಯಲ್ಲಿ.”

“ಮಾರಿದ್ದು?”

“ಅವೂ ಡಿಕ್ಕಿಯಿಂದಲೇ, ಮಿಸ್ಟರ್ ವೀರ.” ಚನ್ನವೀರ ಎಂಬ ಹೆಸರಿನಲ್ಲಿ ಅವನ ನಾಲಿಗೆಗೆ ಸಿಕ್ಕಿದ್ದು ಅಷ್ಟೇ.

ಡಿಸ್ಕಿನ ಮೇಲೆ ಇವನ ಹೆಸರು ‘ಕೋಕೋ ಕ್ಲರ್ಕ್’. ಕುಮಾಸಿ ಎಂಬ ಊರಲ್ಲಿ ಇವನಪ್ಪ ಕೋಕೋ ಚೀಲ ತೂಗುವ ಗುಮಾಸ್ತನಂತೆ. ಬೇರೆಯವರಿಗೆ ನಾಲ್ಕು ಹಾಡಿಗೆ ತಾಳ, ಸಂಗೀತ ಮಾಡಿಕೊಟ್ಟಿದ್ದಾನೆ. ನಾಲ್ಕರ ಮೇಲೂ ಬೇರೆಯವರ ಹೆಸರೇ ಅಚ್ಚಾಗಿದೆ. ಒಮ್ಮೆ ಮೋಸ ಹೋದವನು ಪಾಪದವನು, ನಾಲ್ಕು ಸಲ ಹೋದವನು ದಡ್ಡ. ದಡ್ಡನಿಗೆ ಗಂಟೆಗೆ ಎಂಟು ಡಾಲರ್ ಸಾಕು. ಅವನು ಕೇಳಿದ್ದು ಒಂದೇ, ಕೆಲಸ ಮುಗಿದ ಮೇಲೆ ಮಿಕ್ಸರ್ ಬಳಸಬಹುದೇ ಎಂದು. ಒಪ್ಪಿದೆ. ಮೊದಲ ತಪ್ಪು ಅದು.

ಫೆಬ್ರುವರಿ 19, ಗುರುವಾರ

ಸೊಕ್ಕಿನವನು. ನನ್ನ ಸ್ಪೀಕರುಗಳನ್ನು ಕೇಳಿ, “ಇವುಗಳಿಗೆ ಶೀತವಾಗಿದೆ” ಎಂದ. ಹನ್ನೊಂದು ವರ್ಷದಿಂದ ಯಾರೂ ಹೇಳದ ಮಾತು. ಸಂಬಳ ಕೊಡುವವನಿಗೆ ಹಾಗೆಲ್ಲ ಹೇಳಬಾರದು ಎಂದೆ. ಸಂಬಳ ಪಡೆಯುವವನು ಹೇಳದಿದ್ದರೆ ಇನ್ಯಾರು ಹೇಳುತ್ತಾರೆ ಎಂದ.

ಸ್ಪೀಕರಿನ ಜಾಲರಿ ಬಿಚ್ಚಿಸಿ ನೋಡಿದೆ. ಒಳಗಿನ ಕಾಗದ ಹರಿದಿತ್ತು. ಅವನಿಗೆ ಹೇಳಲಿಲ್ಲ.

ಮಾರ್ಚ್ 21, ಶನಿವಾರ

ಪಕ್ಕದೂರು ಡೌನರ್ಸ್ ಗ್ರೋವ್‌ನ ಮಂಜರಿ ಕೂಟದ ಮಕ್ಕಳಿಗೆ ನೃತ್ಯ ಕಲಿಸುತ್ತಾರೆ. ಪ್ರತಿ ಯುಗಾದಿಗೂ ಏಳು ಸಿನಿಮಾ ಹಾಡಿನ ತುಂಡುಗಳನ್ನು ಕತ್ತರಿಸಿ ಅಂಟಿಸಿ ‘ಮೆಡ್ಲಿ’ ಎಂದು ಒಂದು ಸೀಡಿ ಕೊಡುತ್ತಾರೆ. ಒಂದು ಹಾಡಿನಿಂದ ಇನ್ನೊಂದಕ್ಕೆ ಹೋಗುವಾಗ ಬಾಗಿಲು ಬಡಿದ ಸದ್ದು. ಅಲ್ಲಿ ಅರ್ಧ ಮಕ್ಕಳು ಬಲಕ್ಕೆ, ಅರ್ಧ ಎಡಕ್ಕೆ. ತಂದೆತಾಯಿ ಅದಕ್ಕೂ ಚಪ್ಪಾಳೆ ಹೊಡೆಯುತ್ತಾರೆ.

ಈ ಸಲ ಕ್ವಾಬೆನಾ ಅದನ್ನು ಕೇಳಿ ಹಲ್ಲುನೋವಿನವನ ಹಾಗೆ ಮುಖ ಮಾಡಿದ. ಒಂದು ಮಧ್ಯಾಹ್ನದಲ್ಲಿ ಏಳು ಹಾಡನ್ನೂ ಒಂದೇ ನಡೆಗೆ ತಂದು, ಆರು ವರ್ಷದ ಕಾಲುಗಳಿಗೆ ತಕ್ಕಂತೆ ನಿಧಾನ ಮಾಡಿ ಕೊಟ್ಟ. ಮಂಜರಿ ಫೋನಿನಲ್ಲಿ ಅತ್ತರು. ಸಂಜೆಯೊಳಗೆ ಇನ್ನೂ ಹದಿಮೂರು ತಾಯಂದಿರು ಫೋನ್ ಮಾಡಿದರು. ಒಂದು ಮೆಡ್ಲಿಗೆ ನಲವತ್ತು ಡಾಲರ್ ಎಂದೆ. ಅವನಿಗೆ ಹದಿನೈದು.

“ಸೀಡಿಯ ಮೇಲೆ ನನ್ನ ಹೆಸರು ಹಾಕಿ,” ಎಂದ.

“ಮಕ್ಕಳ ಡ್ಯಾನ್ಸಿಗೆ ಯಾತಕ್ಕಪ್ಪಾ ಹೆಸರು?”

“ನಾನು ಮಾಡಿದ್ದು, ಅದಕ್ಕೆ.”

ಹಾಕಲಿಲ್ಲ. ‘ಹೊಸಮನಿ ಈವೆಂಟ್ಸ್’ ಎಂದು ನನ್ನ ಕಂಪನಿಯ ಚೀಟಿ ಅಂಟಿಸಿದೆ. ಅವನು ಚೀಟಿ ಓದಿ ಕುರ್ಚಿ ಹೊರಲು ಹೋದ. ಜಗಳಾಡದವನ ಮೇಲೆ ಕಣ್ಣಿಟ್ಟಿರಬೇಕು.

ಏಪ್ರಿಲ್ 5, ಭಾನುವಾರ

ನಿನ್ನೆ ಕೂಟದ ಯುಗಾದಿ. ಅಧ್ಯಕ್ಷ ಬದರೀನಾಥ್ ಮೈಸೂರಿನವರು, ದೊಡ್ಡ ಎಂಜಿನಿಯರು. ನನ್ನನ್ನು ಹದಿನಾಲ್ಕು ವರ್ಷದಿಂದ “ನಮ್ಮ ಮೈಕಿನವರು” ಎಂದೇ ಪರಿಚಯಿಸುತ್ತಾರೆ. ನಾಟಕದವರ ಬಣ್ಣ ಮುಗಿದಿರಲಿಲ್ಲ. ಹತ್ತು ನಿಮಿಷ ತುಂಬಿಸಬೇಕಿತ್ತು.

“ಉತ್ತರ ಕರ್ನಾಟಕದ ಲೇಡೀಸು ಯಾರಾದ್ರೂ ಬನ್ನಿ, ಅದೇನೋ ಗಂಡನ ಹೆಸರು ಹೇಳ್ತೀರಲ್ಲ, ತಮಾಷೆಯಾಗಿರುತ್ತೆ,” ಎಂದು ಮೈಕಿನಲ್ಲಿ ಕರೆದರು.

ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ನೇರ ಹೇಳುವುದಿಲ್ಲ. ಮದುವೆಯಲ್ಲೋ ಬಸುರಿಯ ಕುಬಸದಲ್ಲೋ ಹೇಳಲೇಬೇಕಾಗಿ ಬಂದರೆ, ಪ್ರಾಸ ಕೂಡಿಸಿದ ಎರಡು ಸಾಲಿನ ನಡುವೆ ತೂರಿಸಿ ಹೇಳುತ್ತಾರೆ. ಅದು ಒಡಪು. ಯಾರೂ ಏಳುವುದಿಲ್ಲ ಎಂದುಕೊಂಡಿದ್ದೆ. ನನ್ನ ಮನೆಯಾಕೆ ಎದ್ದಳು. ಇಪ್ಪತ್ತೇಳು ವರ್ಷದಲ್ಲಿ ಆಕೆ ಮೈಕು ಒರೆಸಿದ್ದನ್ನು ನೋಡಿದ್ದೇನೆ, ಹಿಡಿದದ್ದನ್ನು ನೋಡಿರಲಿಲ್ಲ.

“ಹಿಮ ಬಿದ್ದ ಅಂಗಳಕ ಹಳದೀ ಸಲಿಕಿ ಚಂದ,
ಕೂಲಿಲ್ಲದ ಕೆಲಸಕ್ಕ ಚನ್ನವೀರರು ಮುಂದ.”

ಸಭೆ ನಕ್ಕಿತು. ಇನ್ನೊಂದು, ಇನ್ನೊಂದು ಎಂದು ಕೂಗಿದರು.

“ಕೊಡಪಾನ ತುಂಬೂದು ಹನಿ ಹನಿ ಕೂಡಿ,
ಚನ್ನವೀರರ ಸಂಸಾರ ಬರದಿಟ್ಟು ನೋಡಿ.”

ನಾಲ್ಕು ನೂರು ಜನ ತಿರುಗಿ ನನ್ನನ್ನು ನೋಡಿದರು. ನಾನೂ ನಕ್ಕೆ; ವ್ಯಾಪಾರಿಯ ಮುಖಕ್ಕೆ ಅಷ್ಟು ಬರುತ್ತದೆ. ಮಿಕ್ಸರಿನ ಹಿಂದೆ ಕ್ವಾಬೆನಾ ಮಾತ್ರ ನಗಲಿಲ್ಲ. ಕಣ್ಣು ಮುಚ್ಚಿ ಬೆರಳಿನಿಂದ ಮೇಜು ತಟ್ಟುತ್ತಿದ್ದ. ಎಲ್ಲ ಕಾರ್ಯಕ್ರಮವನ್ನೂ ಅವನು ರೆಕಾರ್ಡ್ ಮಾಡುತ್ತಾನೆ. ಇದನ್ನೂ ಮಾಡಿದ್ದಾನೆ.

ಮನೆಗೆ ಬರುವಾಗ ಕಾರಿನಲ್ಲಿ, “ನಾಕು ಮಂದ್ಯಾಗ ನನ್ನ ಜಿಪುಣ ಅಂದಿ,” ಎಂದೆ.

“ಬರದಿಡ್ತೀರಿ ಅಂದೆ. ಜಿಪುಣ ಅಂದಾವ್ರು ನೀವ.”

ಮೇ 17, ಭಾನುವಾರ

ಮನೆಯಾಕೆ ವಾರಕ್ಕೆ ಮೂರು ದಿನ ಗೋದಾಮಿಗೆ ಬಂದು ಮೇಜಿನ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಾಳೆ. ಈಗ ಐದು ದಿನ ಬರುತ್ತಿದ್ದಾಳೆ. ಬಟ್ಟೆಯೇನೂ ಹೆಚ್ಚಾಗಿಲ್ಲ.

ಇಂದು ಒಳಗೆ ಹೋದರೆ, ಇಸ್ತ್ರಿಯ ಮೇಜಿನ ಆ ಕಡೆ ಈಕೆ, ಈ ಕಡೆ ಅವನು. ಈಕೆಯ ಇಂಗ್ಲಿಷು ನಾಲ್ಕು ಕಾಲಿನ ಕುರ್ಚಿಗೆ ಮೂರೇ ಕಾಲು ಇದ್ದಂತೆ. ಆದರೂ ಅವನು ಕೂತಿದ್ದಾನೆ, ಬೀಳುತ್ತಿಲ್ಲ.

“ಆಂಟಿ, ಹೆಸರು ಯಾವಾಗಲೂ ಎರಡನೆಯ ಸಾಲಿನಲ್ಲೇ ಬರಬೇಕೇ?”

“ಫಸ್ಟ್ ಲೈನ್, ಪೀಪಲ್ ವೇಟಿಂಗ್,” ಎಂದಳು ಈಕೆ. “ಸೆಕೆಂಡ್ ಲೈನ್, ಐ ಗಿವ್.”

“ನಾವು ವೇದಿಕೆಯಲ್ಲಿ ಮಾಡುವುದೂ ಅದನ್ನೇ. ನೀವು ರ‍್ಯಾಪರ್, ಆಂಟಿ.”

“ನಾಟ್ ರ‍್ಯಾಪರ್. ಐ ಆ್ಯಮ್ ಫ್ರಂ ಗದಗ.”

ಇಬ್ಬರೂ ನಕ್ಕರು. ಹಿರಿಯ ಹೆಂಗಸರನ್ನು ಆಂಟಿ ಎನ್ನುವುದು ಅವರ ದೇಶದಲ್ಲೂ ಇದೆಯಂತೆ. ನನಗೆ ಅಂಕಲ್ ಎನ್ನುವುದಿಲ್ಲ. ಕೆಲಸದ ಹೊತ್ತಿನಲ್ಲಿ ಹರಟೆ ಬೇಡ ಎಂದೆ. ಊಟದ ಹೊತ್ತು ಎಂದು ಗಡಿಯಾರ ತೋರಿಸಿದ.

ಜೂನ್ 23, ಮಂಗಳವಾರ

ಕೇಳಿದೆ. ಯುಗಾದಿಯಂದು ರೆಕಾರ್ಡ್ ಮಾಡಿದ ಒಡಪನ್ನು ಕ್ವಾಬೆನಾ ಹಾಡು ಮಾಡಿದ್ದಾನೆ; ಮನೆಯಾಕೆಯ ದನಿಯ ಕೆಳಗೆ ತಮಟೆಯಂಥದ್ದೇನನ್ನೋ ಇಟ್ಟಿದ್ದಾನೆ. “ಕೊಡಪಾನ ತುಂಬೂದು ಹನಿ ಹನಿ ಕೂಡಿ” ಎಂಬುದು ಮೂರು ಸಲ ಬರುತ್ತದೆ, ಒಂದೊಂದು ಸಲಕ್ಕೂ ತಾಳ ಒಂದು ಮೆಟ್ಟಿಲು ಇಳಿಯುತ್ತದೆ. ನಡುವೆ ಅವನು ತನ್ನ ಟ್ವಿ ಭಾಷೆಯಲ್ಲೂ ಇಂಗ್ಲಿಷಿನಲ್ಲೂ ಮುಚ್ಚಿದ ಕಾರ್ಖಾನೆಯ ಬಗ್ಗೆ, ಅಪ್ಪನ ತಕ್ಕಡಿಯ ಬಗ್ಗೆ ಹೇಳುತ್ತಾನೆ. ಆಮೇಲೆ ಎಲ್ಲ ವಾದ್ಯ ನಿಲ್ಲುತ್ತದೆ. ‘ಚನ್ನವೀರರ’ ಎನ್ನುವ ಆಕೆಯ ಮಾತು ಒಂದೇ. ಆ ಮಾತಿನ ಮೇಲೆ ಇಡೀ ತಾಳ ಕುಸಿದು ಬೀಳುತ್ತದೆ.

“ಅಳಿಸು,” ಎಂದೆ.

“ಹೋದ ವಾರ ಡೆಟ್ರಾಯಿಟ್‌ನ ಒಂದು ಕ್ಲಬ್ಬಿನಲ್ಲಿ ಹಾಕಿದೆ. ಮೂರು ಸಲ ಹಾಕಿಸಿದರು. ನಿಮ್ಮ ಹೆಸರನ್ನು ಎಲ್ಲರೂ ಒಟ್ಟಿಗೆ ಕೂಗಿದರು, ಮಿಸ್ಟರ್ ವೀರ.”

“ಯಾರನ್ನು ಕೇಳಿ ಹಾಕಿದೆ?”

“ಆಂಟಿಯನ್ನು.”

ಮನೆಯಲ್ಲಿ ಊಟಕ್ಕೆ ಕೂತಾಗ ಜಗಳ. ಆಕೆ ತಟ್ಟೆಯಿಂದ ಕಣ್ಣೆತ್ತದೆ, “ಹೂಂ ಅಂದೆ. ನನ್ನ ದನಿ ನನ್ನ ಕೇಳಿದಾ, ಹೂಂ ಅಂದೆ,” ಎಂದಳು.

ಗೋದಾಮಿನಲ್ಲಿ ಕುರ್ಚಿ ಎಣಿಸುವಾಗ ಆ ಹಾಳು ತಾಳವೇ ಬಾಯಿಗೆ ಬರುತ್ತದೆ. ಎರಡು ಸಲ ಲೆಕ್ಕ ತಪ್ಪಿತು.

ಆಗಸ್ಟ್ 9, ಭಾನುವಾರ

ಡೆಟ್ರಾಯಿಟ್ ಕಡೆಯ ಟ್ರಾಯ್‌ನಲ್ಲಿ ಒಂದು ಗುಜರಾತಿ ಮದುವೆಗೆ ಮಂಟಪ ಇಳಿಸಲು ನಾನೂ ಕ್ವಾಬೆನಾನೂ ವ್ಯಾನಿನಲ್ಲಿ ಹೋದೆವು. ಕೆಲಸ ಮುಗಿದ ಮೇಲೆ, ಒಂದು ಕಡೆ ಹತ್ತು ನಿಮಿಷ ನಿಲ್ಲಿಸಿ ಎಂದ. ಟೈರ್ ಅಂಗಡಿಯ ಮೇಲಿನ ಮಹಡಿ. ಅಲ್ಲಿ ಒಂದು ಚಿಕ್ಕ ರೆಕಾರ್ಡ್ ಕಂಪನಿ. ಯಜಮಾನ ಬೋಳುತಲೆಯ ಸಣ್ಣ ಮನುಷ್ಯ. ನನ್ನ ಜಾತಿಯವನೇ, ಅಂದರೆ ಗಾಳಿಗೂ ಬೆಲೆ ಹೇಳುವವನು.

ವಿಷಯ ಇಷ್ಟು. ಕೊಡಪಾನದ ಹಾಡು ಅವನಿಗೆ ಬೇಕು. ಅದು ಬಂದರೆ ಕೋಕೋ ಕ್ಲರ್ಕಿನ ಇಡೀ ಡಿಸ್ಕನ್ನು ತನ್ನ ಕಂಪನಿಯಿಂದ ತರುತ್ತಾನೆ. ಅದಿಲ್ಲದಿದ್ದರೆ ಡಿಸ್ಕೂ ಇಲ್ಲ. ಆದರೆ ದನಿ ಯಾರದೋ ಅವರು ಒಪ್ಪಿಗೆ ಪತ್ರಕ್ಕೆ ಸಹಿ ಮಾಡಬೇಕು. ನವೆಂಬರ್ ಮೂವತ್ತು ಕಡೆಯ ದಿನ.

“ಮೂವತ್ತೇಳಕ್ಕೆ ಬಂದ ರ‍್ಯಾಪರನ್ನು ಇನ್ನೊಬ್ಬ ಕರೆಯುವುದಿಲ್ಲ, ಇದು ಅವನಿಗೂ ಗೊತ್ತು,” ಎಂದು ಯಜಮಾನ ನನ್ನ ಕಡೆ ತಿರುಗಿದ. “ದನಿ ನಿಮ್ಮ ಹೆಂಡತಿಯದಂತೆ?”

“ಅವಳ ಪರವಾಗಿ ನಾನು ಮಾತಾಡುತ್ತೇನೆ,” ಎಂದೆ. ಅರ್ಧ ಪಾಲು ಕೇಳಿದೆ. ಮೂರರಲ್ಲೊಂದಕ್ಕೆ ಇಳಿದೆವು. ಜೊತೆಗೆ, ‘ಹೊಸಮನಿ ಈವೆಂಟ್ಸ್’ ಸಹನಿರ್ಮಾಣ ಎಂದು ಅಚ್ಚು ಹಾಕಬೇಕು. ಅರ್ಧ ಗಂಟೆಯಲ್ಲಿ ಇಷ್ಟು ಕಿತ್ತೆ. ಬೇರೆ ಯಾರಿಂದ ಆಗುತ್ತಿತ್ತು?

ಹಿಂದಿರುಗುವ ದಾರಿಯಲ್ಲಿ, ಕಲಮಜೂ ಎಂಬ ಊರಲ್ಲಿ, ಕ್ವಾಬೆನಾ ವ್ಯಾನಿಗೆ ಪೆಟ್ರೋಲ್ ಹಾಕಿದ. ಆಮೇಲೆ, “ಆಂಟಿಯ ಹೆಸರು ಎಲ್ಲಿ ಬರುತ್ತದೆ?” ಎಂದ.

“ಮನೆಯ ಹೆಣ್ಣುಮಗಳ ಹೆಸರು ಡಿಸ್ಕಿನ ಮೇಲೆ ಯಾಕೆ? ‘ಹೆಣ್ಣುದನಿ’ ಎಂದು ಹಾಕಿದರಾಯಿತು.”

“ನಾಲ್ಕು ಸಲ ನನಗೂ ಹೀಗೇ ಹೇಳಿದರು,” ಎಂದ.

ಸೆಪ್ಟೆಂಬರ್ 5, ಶನಿವಾರ

ಒಪ್ಪಿಗೆ ಪತ್ರ ಬಂತು. ಸಹಿ ಮಾಡಿ ಫ್ಯಾಕ್ಸ್ ಕಳಿಸಿದೆ. ಮನೆಯ ತೆರಿಗೆ, ಕಾರಿನ ರಿಜಿಸ್ಟ್ರೇಷನ್, ಮಗಳ ಶಾಲೆಯ ಅರ್ಜಿ, ಆಕೆಯ ವಿಮೆ, ಎಲ್ಲದಕ್ಕೂ ಆಕೆಯ ಹೆಸರಿನ ಸಹಿ ಇಪ್ಪತ್ತೇಳು ವರ್ಷದಿಂದ ನನ್ನ ಕೈಯದೇ. ನಮ್ಮವರ ಮನೆಗಳಲ್ಲಿ ಇದನ್ನು ಯಾರೂ ಸುಳ್ಳು ಸಹಿ ಎನ್ನುವುದಿಲ್ಲ. ಸಂಸಾರ ಎನ್ನುತ್ತಾರೆ.

ಅಕ್ಟೋಬರ್ 3, ಶನಿವಾರ

ಕ್ವಾಬೆನಾನನ್ನು ಬಿಡಿಸಿದೆ. ಪತ್ರದ ನಕಲು ಅವನ ಕೈಗೆ ಸಿಕ್ಕಿತ್ತು. ಗೋದಾಮಿನ ನಡುವೆ ನಿಂತು, “ಇದು ಆಂಟಿಯ ಬರಹವಲ್ಲ,” ಎಂದ.

“ನಿನ್ನ ಡಿಸ್ಕು ಬರಬೇಕೋ ಬೇಡವೋ?”

“ಬೇಕು. ನಿಮಗಿಂತ ಹೆಚ್ಚು ನನಗೆ ಬೇಕು.”

“ಹಾಗಿದ್ದರೆ ಬಾಯಿ ಮುಚ್ಚಿಕೊಂಡಿರು. ಕುರ್ಚಿ ಹೊರುವವನಿಗೆ ಕಾನೂನು ಬೇಡ.”

“ಆಂಟಿಗೆ ನೀವು ಹೇಳುತ್ತೀರೋ, ನಾನು ಹೇಳಲೋ?”

ಬೀಗದ ಕೈ ಇಸಿದುಕೊಂಡೆ. ಹೋಗುವಾಗ ಬಾಕಿ ಸಂಬಳಕ್ಕೆ ಬದಲು ಹಳೆಯ ಮಿಕ್ಸರ್ ಕೇಳಿದ. ಒಯ್ಯಿ ಎಂದೆ; ಅವನಿಲ್ಲದೆ ಅದನ್ನು ನಡೆಸುವವರು ಯಾರೂ ಇರಲಿಲ್ಲ.

ಅಕ್ಟೋಬರ್ 11, ಭಾನುವಾರ

ಅವನು ಹೇಳುವ ಮೊದಲೇ ಡೆಟ್ರಾಯಿಟ್‌ನ ಬೋಳುತಲೆ ಮನೆಗೆ ಫೋನ್ ಮಾಡಿದ. ದನಿಯವರ ಬಾಯಿಂದಲೇ ಒಮ್ಮೆ ಕೇಳುವುದು ಅವರ ಪದ್ಧತಿಯಂತೆ. ಫೋನ್ ಎತ್ತಿದವಳು ಮನೆಯಾಕೆ. ‘ಐ ನಾಟ್ ಸೈನ್’ ಎಂದು ಇಟ್ಟಳು. ಮಾತು ಮುಗಿಯಿತು, ಡಿಸ್ಕೂ ನಿಂತಿತು.

ಸ್ಕೋಕಿಯಲ್ಲಿ ಮನೆ ಮಾಡಿರುವ ಮಗಳು ಛಾಯಾ ಬಂದಿದ್ದಳು. ಅವಳು ಡೌನ್‌ಟೌನಿನ ವಕೀಲರ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. “ಡ್ಯಾಡ್, ದಿಸ್ ಈಸ್ ಫೋರ್ಜರಿ. ಯು ನೋ ದಟ್, ರೈಟ್?” ಎಂದಳು.

“ಇದರಾಗ ನೀ ಬರಬ್ಯಾಡ,” ಎಂದೆ.

ಮನೆಯಾಕೆ ಅಡುಗೆಮನೆಯಿಂದ ಒಂದು ಹಾಳೆ, ಪೆನ್ನು ತಂದು ನನ್ನ ಮುಂದಿಟ್ಟಳು.

“ರೀ, ನನ್ನ ಸಹಿ ಹೆಂಗೈತಿ, ಮಾಡಿ ತೋರಸ್ರಿ.”

ಮಾಡಿದೆ, ಇಷ್ಟು ವರ್ಷ ಮಾಡಿದ ಹಾಗೆ, ಇಂಗ್ಲಿಷಿನಲ್ಲಿ, ಕೆಳಗೊಂದು ಗೆರೆ ಎಳೆದು.

“ಇದು ನಿಮ್ಮದು. ನಂದು ಕೇಳಿದೆ.”

“ಎರಡೂ ಒಂದ ಅಲ್ಲೇನ?”

“ನಾ ಕನ್ನಡಶಾಲೀ ಮಾಸ್ತರ ಮಗಳು. ಏಳನೇ ಇಯತ್ತೆದಾಗ ಸಹಿ ಕಲತೀನಿ. ಅದು ಹೆಂಗೈತಿ ಅಂತ ಗೊತ್ತಿದ್ದರ ಹೇಳ್ರಿ.”

ಗೊತ್ತಿರಲಿಲ್ಲ. ವ್ಯಾಪಾರದಲ್ಲಿ ನಾನು ಎಂದೂ ಹೀಗೆ ಸಿಕ್ಕಿಬಿದ್ದಿಲ್ಲ. “ನಿನ್ನ ಸಲುವಾಗಿ ಮೂರರಾಗ ಒಂದ ಪಾಲು ಕಿತ್ತೀನಿ,” ಎಂದೆ.

“ಅದರಾಗ ನನ್ನ ಹೆಸರು ಎಲ್ಲೈತಿ?”

ಛಾಯಾ ಆ ಹಾಳೆಯನ್ನು ಮಡಿಸಿ ಚೀಲದಲ್ಲಿ ಇಟ್ಟುಕೊಂಡಳು.

ನವೆಂಬರ್ 8, ಭಾನುವಾರ

ನಿನ್ನೆ ಕೂಟದ ರಾಜ್ಯೋತ್ಸವ. ಕ್ವಾಬೆನಾನ ಜಾಗಕ್ಕೆ ತಂದ ಮನುಷ್ಯ ಮಂಜರಿಯ ಮೆಡ್ಲಿಯನ್ನು ನಡುವಿನಿಂದ ಶುರು ಮಾಡಿದ. ಇಪ್ಪತ್ತು ಮಕ್ಕಳು ವೇದಿಕೆಯ ಮೇಲೆ ಕಂಬದ ಹಾಗೆ ನಿಂತರು. ಒಂದು ಮಗು ಅತ್ತಿತು. ಅದರ ಹಿಂದೆ ಎಲ್ಲವೂ.

ಬದರೀನಾಥ್ ಪಾರ್ಕಿಂಗ್ ಲಾಟಿನಲ್ಲಿ ಹಿಡಿದರು. “ಏನ್ರೀ ಹೊಸಮನಿ, ಆ ಘಾನಾದವರನ್ನ ಯಾಕ್ರೀ ಕಳಿಸಿಬಿಟ್ರಿ? ನಮಗೆ ನಿಮ್ಮ ಕುರ್ಚಿ ಎಲ್ಲಾದ್ರೂ ಸಿಗುತ್ತೆ. ಸಿಗದೇ ಇದ್ದಿದ್ದು ಅವರು.”

“ಹದಿನಾಲ್ಕು ವರ್ಷ ನಿಮ್ಮ ಮೈಕು ನಡೆಸೀನಿ ಸರ್.”

“ಅದಕ್ಕೇ ನೇರವಾಗಿ ಹೇಳ್ತಿದೀನಿ. ಸಂಕ್ರಾಂತಿ, ಯುಗಾದಿ, ಪಿಕ್ನಿಕ್ಕು, ಮೂರಕ್ಕೂ ಬೇರೆಯವರನ್ನ ನೋಡ್ಕೊಂಡಿದೀವಿ.”

‘ಘಾನಾದವರು’ ಅಂತೆ. ಇದ್ದಾಗ ಅವನನ್ನು ಊಟದ ಸಾಲಿನ ಕೊನೆಯಲ್ಲಿ ನಿಲ್ಲಿಸುತ್ತಿದ್ದವರು ಇವರೇ. ನಾನೂ ನಿಲ್ಲಿಸಿದ್ದೆ, ಆದರೆ ಬಹುವಚನದಲ್ಲಿ ಕರೆಯುವ ಢೋಂಗು ಮಾಡಲಿಲ್ಲ.

ನವೆಂಬರ್ 20, ಶುಕ್ರವಾರ

ಇಂದು ಬೆಳಿಗ್ಗೆ ನೀಲಗಂಗಾ ಛಾಯಾಳ ಕಾರಿನಲ್ಲಿ ಡೆಟ್ರಾಯಿಟ್‌ಗೆ ಹೊರಟಳು. ಹೊಸದಾಗಿ ದನಿ ಕೊಡುತ್ತಾಳಂತೆ, ಸಹಿ ತಾನೇ ಮಾಡುತ್ತಾಳಂತೆ, ಕಡೆಯ ದಿನಕ್ಕೆ ಹತ್ತು ದಿನ ಮೊದಲು. ಕ್ವಾಬೆನಾ ಕೇಳಲು ಬಂದವನಲ್ಲ, ಇವಳೇ ಫೋನ್ ಮಾಡಿ ಬರುತ್ತೇನೆ ಎಂದದ್ದು.

“ವ್ಯಾನ್ ತರ್ತೀನಿ, ನಾನ ಬಿಡ್ತೀನಿ. ಆ ಬೋಳ್ಯಾನ ಕೂಡ ನಿನಗ ಮಾತಾಡಾಕ ಬರೂದಿಲ್ಲ,” ಎಂದೆ.

“ಬರದಿದ್ದರ ಸುಮ್ಮನ ಕುಂದರ್ತೀನಿ. ನೀವು ಬರೂದು ಬ್ಯಾಡ.”

“ಪಾಲು ಎಷ್ಟು ಕೇಳಾಕಿ?”

ಬಾಗಿಲಲ್ಲಿ ನಿಂತು ಸ್ವೆಟರಿನ ಗುಂಡಿ ಹಾಕಿಕೊಂಡಳು. “ಅವನಿಗೂ ನಾಕು ಸಲ ಹೆಸರು ಹೋಗೇತಿ. ಅದನ್ನ ಮೊದಲ ಕೇಳ್ತೀನಿ, ಇಬ್ಬರದೂ.”

ಕಾರು ನಮ್ಮ ಬಡಾವಣೆಯ ತಿರುವು ದಾಟುವವರೆಗೆ ನಿಂತಿದ್ದೆ. ಮೂವತ್ತೆಂಟು ಡಿಗ್ರಿ.

ಡಿಸೆಂಬರ್ 6, ಭಾನುವಾರ

ಡೆಟ್ರಾಯಿಟ್‌ನಿಂದ ನೀಲಗಂಗಾ ಸೀದಾ ಸ್ಕೋಕಿಗೆ ಹೋಗಿದ್ದಾಳೆ. ಚಳಿ ಕಳೆಯಲಿ ಅಂತ ಇರಬೇಕು. ಸ್ಕೋಕಿಯಲ್ಲೂ ಇಷ್ಟೇ ಚಳಿ.

ಡಿಸೆಂಬರ್ 13, ಭಾನುವಾರ

ಮೇಜಿನ ಬಟ್ಟೆ ಅರವತ್ತಕ್ಕೆ ನಾನೇ ಇಸ್ತ್ರಿ ಹಾಕಿದೆ. ಒಂದು ಸುಟ್ಟಿತು.

ಡಿಸೆಂಬರ್ 25, ಶುಕ್ರವಾರ

ಫೋನ್ ಮಾಡಿದೆ. ಎತ್ತಿದವಳು ಛಾಯಾ. ನೀಲಗಂಗಾ ಡ್ರೈವಿಂಗ್ ಕ್ಲಾಸಿಗೆ ಹೋಗಿದ್ದಾಳಂತೆ. ಕ್ರಿಸ್‌ಮಸ್ ದಿನ ಕ್ಲಾಸ್ ಇರುವುದಿಲ್ಲ ಎಂದೆ. ಛಾಯಾ, “ಐ ನೋ, ಡ್ಯಾಡ್,” ಎಂದಳು.

2010 ಜನವರಿ 16, ಶನಿವಾರ

ಡಿಸ್ಕು ಅಂಚೆಯಲ್ಲಿ ಬಂತು. ಕಳಿಸಿದವನು ಕ್ವಾಬೆನಾ. ಪ್ಲಾಸ್ಟಿಕ್ ಹರಿಯದೆ ನಾಲ್ಕು ದಿನ ಇಟ್ಟಿದ್ದೆ. ಇಂದು ವ್ಯಾನಿನಲ್ಲಿ ಕೂತು ಹಾಕಿದೆ.

ಹಿಂಬದಿಯಲ್ಲಿ ಹೀಗಿದೆ. ರಚನೆ, ನಿರ್ಮಾಣ: ಕ್ವಾಬೆನಾ, ಕೋಕೋ ಕ್ಲರ್ಕ್. ಅದರ ಕೆಳಗೆ, ಅಷ್ಟೇ ದೊಡ್ಡ ಅಕ್ಷರದಲ್ಲಿ, ದನಿ ಮತ್ತು ಮಾತು: ನೀಲಗಂಗಾ. ಮುಂದೆ ನನ್ನ ಹೆಸರಿನ ಅಕ್ಷರವೂ ಇಲ್ಲ, ಮನೆತನವೂ ಇಲ್ಲ. ಪಕ್ಕದಲ್ಲಿ ಆಕೆಯ ಸಹಿಯನ್ನೇ ಅಚ್ಚು ಹಾಕಿದ್ದಾರೆ. ಕನ್ನಡದಲ್ಲಿದೆ. ದುಂಡಗಿನ ಅಕ್ಷರ, ಕೊಂಬು ದೀರ್ಘ ಎಲ್ಲ ಸರಿಯಾಗಿ, ಶಾಲೆಯ ಹಲಗೆಯ ಮೇಲೆ ಬರೆದ ಹಾಗೆ.

ತಾಳ ಮೊದಲಿನದೇ. ಮೂರು ಸಲ ಇಳಿಯಿತು. ಎಲ್ಲ ವಾದ್ಯ ನಿಂತಿತು. ನಾನು ಸ್ಟಿಯರಿಂಗ್ ಹಿಡಿದು ಕಾದೆ.

“ಕೊಡಪಾನ ತುಂಬೂದು ಹನಿ ಹನಿ ಕೂಡಿ,
ನೀಲಗಂಗಾ ತನ್ನ ಹೆಸರ ತಾನ ಹೇಳತಾಳ, ನೋಡಿ.”

ಕ್ವಾಬೆನಾನಿಗೆ ಫೋನ್ ಮಾಡಿದೆ. ಬೈಯಬೇಕೆಂದೇ ಮಾಡಿದ್ದು. “ನನ್ನ ಹೆಸರು ಕಿತ್ತು ಸೇಡು ತೀರಿಸಿಕೊಂಡೆಯಾ?” ಎಂದೆ.

“ನಾನಲ್ಲ,” ಎಂದ. “ಎರಡು ದಿನ ಆಂಟಿಯ ಜೊತೆ ವಾದ ಮಾಡಿದೆ. ಹಳೆಯದೇ ಚೆನ್ನಾಗಿತ್ತು. ನಿಮ್ಮ ಹೆಸರಿನ ಮೇಲೆ ಡ್ರಮ್ ಬೀಳುವ ಹಾಗೆ ಕಟ್ಟಿದ್ದೆ, ಅಳತೆ ಸರಿಯಾಗಿತ್ತು. ಹೊಸ ಸಾಲಿಗೆ ಅರ್ಧ ಹಾಡು ಬಿಚ್ಚಿ ಮತ್ತೆ ಹೊಲಿಯಬೇಕಾಯಿತು. ನಿಮ್ಮಿಂದ ನನಗೆ ಅಲ್ಲೂ ಒಂದು ವಾರ ಹೆಚ್ಚು ಕೆಲಸ.”

“ಅವಳು ಏನು ಹೇಳಿದಳು?”

“ಆ ಹೆಸರಿಗೆ ಅವರ ಒಪ್ಪಿಗೆ ಪತ್ರ ತಂದಿಲ್ಲ, ಕೇಳದೆ ಹೇಗೆ ಹಾಕುವುದು ಎಂದರು.”

ಹಾಡನ್ನು ಇನ್ನೊಮ್ಮೆ ಹಾಕಿದೆ. ತಾಳ ಮೂರು ಸಲ ಇಳಿದು ವಾದ್ಯ ನಿಂತಾಗ ನನ್ನ ಹೆಸರನ್ನು ನಾನೇ ಹೇಳಿ ನೋಡಿದೆ. ಸಾಲಿಗೆ ಹೊಂದಲಿಲ್ಲ.

ಫೆಬ್ರುವರಿ 27, ಶನಿವಾರ

ಡೆಟ್ರಾಯಿಟ್‌ನ ಒಂದು ಹಳೆಯ ಚರ್ಚಿನ ಸಭಾಂಗಣದಲ್ಲಿ ಮಧ್ಯಾಹ್ನ ಅವನ ಕಾರ್ಯಕ್ರಮವಿತ್ತಂತೆ. ಕರೆಯಲಿಲ್ಲ, ನಾನೂ ಹೋಗಲಿಲ್ಲ. ಛಾಯಾ ಫೋನಿನಲ್ಲಿ ಕೇಳಿಸಿದಳು. ಜನ ಎಷ್ಟು ಎಂದೆ. ಮುನ್ನೂರು ಎಂದಳು. ಕುರ್ಚಿ ಯಾರದು ಎಂದು ಕೇಳಿದೆ. ಎಲ್ಲರೂ ನಿಂತಿದ್ದಾರೆ ಎಂದಳು.

ನೀಲಗಂಗಾ ಎರಡನೆಯ ಸಾಲನ್ನು ತಡೆದು ಹಿಡಿದಳು. ಗದ್ದಲದಲ್ಲೂ ನನಗೆ ಗೊತ್ತಾಯಿತು. ಇನ್ನೊಂದು ಕ್ಷಣ ತಡೆದಿದ್ದರೂ ತಾಳ ಕೈ ತಪ್ಪುತ್ತಿತ್ತು. ತಪ್ಪಲಿಲ್ಲ. ಆ ಸ್ಪೀಕರಿಗೆ ಮಾತ್ರ ಶೀತವಾಗಿದೆ. ಕ್ವಾಬೆನಾ ಅಂಥದ್ದನ್ನು ಹೇಗೆ ಒಪ್ಪಿದನೋ.

ಮಾರ್ಚ್ 13, ಶನಿವಾರ

ವರ್ಷದ ಲೆಕ್ಕ ಮುಚ್ಚುವ ಹೊತ್ತು. ಖರ್ಚನ್ನು ನಾಳೆ ಮೊದಲ ಹಾಳೆಯಲ್ಲಿ ಬರೆಯುತ್ತೇನೆ. ಯಾರಿಗೆ ಏನು ಬಂತು ಎಂಬುದು ಇಲ್ಲಿ.

ಕ್ವಾಬೆನಾ: ಡಿಸ್ಕು ಒಂದು, ಅದರ ಮೇಲೆ ಸ್ವಂತ ಹೆಸರು. ಬೇಸಿಗೆಗೆ ಒಪ್ಪಿದ ಕಾರ್ಯಕ್ರಮ ಆರು. ಇಬ್ಬರು ಹೊಸಬರು ಹಾಡು ಮಾಡಿಕೊಡು ಎಂದು ಬಂದಿದ್ದಾರೆ. ಹಗಲು ಈಗಲೂ ಪಾರ್ಸೆಲ್ ವ್ಯಾನ್ ಓಡಿಸುತ್ತಾನೆ.

ಡೆಟ್ರಾಯಿಟ್‌ನ ಬೋಳುತಲೆ: ಮಾರಾಟವಾದ ಡಿಸ್ಕು ಸಾವಿರದ ನೂರು. ಲಾಭ ಹೇಳಲಿಲ್ಲ, ಹೇಳದಿದ್ದರೆ ಇದೆ ಎಂದರ್ಥ.

ಬದರೀನಾಥ್: ಹೊಸ ಮೈಕಿನವರು. ನನಗಿಂತ ಹನ್ನೆರಡು ಪರ್ಸೆಂಟ್ ದುಬಾರಿ.

ಮಂಜರಿ: ಮೆಡ್ಲಿಯನ್ನು ನೇರ ಕ್ವಾಬೆನಾನಿಗೇ ಕಳಿಸುತ್ತಾರೆ. ನಲವತ್ತು ಡಾಲರ್, ಪೂರ್ತಿ ಅವನಿಗೆ.

ಛಾಯಾ: ಮನೆಯೂಟ.

ನೀಲಗಂಗಾ: ಪಾಲು ಮೂರರಲ್ಲೊಂದು, ಚೆಕ್ಕು ಆಕೆಯ ಹೆಸರಿಗೆ, ಖಾತೆ ಆಕೆಯದು. ಡ್ರೈವಿಂಗ್ ಲೈಸೆನ್ಸ್. ಸ್ಕೋಕಿಯಲ್ಲಿ ಕಿಟಕಿಯಿರುವ ಕೋಣೆ.

ನಾನು: ಕುರ್ಚಿ ಮುನ್ನೂರ ಹತ್ತು, ಮಂಟಪ ನಾಲ್ಕು, ಮೇಜಿನ ಬಟ್ಟೆ ಐವತ್ತೊಂಬತ್ತು. ಎಲ್ಲವೂ ಒಳಗಿವೆ. ಈ ವಾರ ಯಾವುದೂ ಹೊರಗೆ ಹೋಗಿಲ್ಲ.